ಅಟ್ಟದ ಮೇಲಿನ ಫೋಮ್ ಸುರುಳಿ

ಚಿಕ್ಕಪ್ಪ: *ಫಾರ್ವರ್ಡ್ ಆಗಿದೆ.* ಎಚ್ಚರಿಕೆ! ಕಾಂಕ್ರೀಟ್ ನೆಲದ ಮೇಲೆ ವಿನೈಲ್ ಪ್ಲ್ಯಾಂಕ್ (ಪ್ಲಾಸ್ಟಿಕ್ ಹಲಗೆ) ಹಾಕಿಸುವವರು ತಪ್ಪದೆ ಓದಿ. ಹಲಗೆಯ ಅಡಿಗೆ ಹಾಸುವ ಅಂಡರ್‌ಲೇ ದಪ್ಪವಾದಷ್ಟೂ ನೆಲಕ್ಕೆ ಆಯುಸ್ಸು ಹೆಚ್ಚು. ಫೋಮನ್ನು ಎರಡು ಪದರ ಹಾಕಿಸಿ. ಕೆಲಸದವರು ಈ ಸತ್ಯವನ್ನು ಮುಚ್ಚಿಡುತ್ತಾರೆ. ಹತ್ತು ಜನರಿಗೆ ತಲುಪಿಸಿ.

ಚಿಕ್ಕಪ್ಪ: ಅಣ್ಣನ ಕೆಳಗಿನ ಕೋಣೆಗೆ ತೆಳ್ಳನೆಯ ಹಾಳೆಯೊಂದೇ ಸಾಕೆಂದು ಕೆಲಸದವರು ಹೇಳಿದಾಗಲೇ ನನಗೆ ಅನುಮಾನ ಬಂದಿತ್ತು. ಈಗ ಎಲ್ಲರೂ ಓದಿಕೊಳ್ಳಲಿ.

ದೊಡ್ಡಪ್ಪ: ಹತ್ತು ಪದರ ಹಾಕಿಸಿದರೆ ಬಾಗಿಲು ತೆರೆಯುವುದು ಹೇಗೆ?

ಅಕ್ಕ: ಹತ್ತು ಜನರಿಗೆ ಕಳಿಸಿ ಎಂದಿದೆ, ದೊಡ್ಡಪ್ಪ. ಇದನ್ನು ಬರೆದವರು ಯಾರು, ಯಾವ ಬಗೆಯ ಪ್ಲ್ಯಾಂಕಿನ ಬಗ್ಗೆ ಬರೆದಿದ್ದಾರೆ, ತಯಾರಕರ ಕೈಪಿಡಿ ಏನು ಹೇಳುತ್ತದೆ ಎಂಬ ಯಾವ ಪ್ರಶ್ನೆಗೂ ಇದರಲ್ಲಿ ಉತ್ತರವಿಲ್ಲ. ಚಿಕ್ಕಪ್ಪ, ಆಕರ ಎಲ್ಲಿದೆ?

ಚಿಕ್ಕಪ್ಪ: ಎಲ್ಲದಕ್ಕೂ ಆಕರ ಕೇಳುವುದು ನಿನ್ನ ಹಳೆಯ ಚಾಳಿ. ಕಾಲಿಗೆ ಮೆತ್ತಗಿದ್ದರೆ ಹಿತವೆನ್ನುವುದಕ್ಕೂ ಆಕರ ಬೇಕೇ?

ಅಕ್ಕ: ಬೇಕು. ನಿಮ್ಮ ಮನೆಯ ಲ್ಯಾಮಿನೇಟ್ ಹಲಗೆ ದಪ್ಪವಾದ್ದರಿಂದ 3 ಮಿ.ಮೀ. ಫೋಮ್ ಅದಕ್ಕೆ ಒಗ್ಗಿತು. ವಿನೈಲ್ ಪ್ಲ್ಯಾಂಕಿನ ಅಂಚಿನಲ್ಲಿ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಲಾಕಿನ ನಾಲಿಗೆ ತೀರ ತೆಳು. ಅಡಿಯಲ್ಲಿ ಮೆತ್ತನೆಯ ಫೋಮ್ ಇದ್ದರೆ ಪ್ರತಿ ಹೆಜ್ಜೆಗೂ ಆ ಕೀಲು ಕುಸಿದು ಮೇಲೇಳುತ್ತದೆ, ಕ್ರಮೇಣ ನಾಲಿಗೆ ಮುರಿದು ಹಲಗೆಗಳ ನಡುವೆ ಸಂದು ಬಾಯಿಬಿಡುತ್ತದೆ. ಅದಕ್ಕೇ ವಿನೈಲ್‌ಗೆಂದು ತಯಾರಾಗುವ ಅಂಡರ್‌ಲೇ ಸಾಮಾನ್ಯವಾಗಿ 1ರಿಂದ 1.5 ಮಿ.ಮೀ. ದಪ್ಪದ, ಒತ್ತಿದರೆ ಸುಲಭವಾಗಿ ತಗ್ಗದ ಗಟ್ಟಿ ಹಾಳೆ. ದೊಡ್ಡಪ್ಪ ಆರಿಸಿರುವ ಎಸ್‌ಪಿಸಿ (ಕಲ್ಲಿನ ಪುಡಿ ಬೆರೆಸಿದ ಗಟ್ಟಿ ವಿನೈಲ್) ಪ್ಲ್ಯಾಂಕಿನ ಹಿಂಬದಿಗಂತೂ ಕಾರ್ಖಾನೆಯಲ್ಲೇ ಪ್ಯಾಡ್ ಅಂಟಿಸಲಾಗಿದೆ. ಅದರ ಕೆಳಗೆ ಮತ್ತೊಂದು ಮೆತ್ತೆ ಹಾಕಿದರೆ ಅನೇಕ ತಯಾರಕರು ವಾರಂಟಿಯನ್ನೇ ಮಾನ್ಯ ಮಾಡುವುದಿಲ್ಲ. ಅಂದಹಾಗೆ, ನಿಮ್ಮ ಅಟ್ಟದ ಮೇಲೆ ಉಳಿದುಬಿದ್ದಿರುವ ಲ್ಯಾಮಿನೇಟ್ ಫೋಮಿನ ಸುರುಳಿಗಳಿಗೂ ಈ ಫಾರ್ವರ್ಡಿಗೂ ಸಂಬಂಧವಿಲ್ಲವೆಂದು ನಂಬಿದ್ದೇನೆ.

ಚಿಕ್ಕಪ್ಪ: ಆ ಸುರುಳಿಗಳನ್ನು ಪುಕ್ಕಟೆಯಾಗಿ ಕೊಡುತ್ತೇನೆಂದದ್ದು ಪ್ರೀತಿಯಿಂದ. ಈ ಮನೆತನದಲ್ಲಿ ಯಾರಿಗೂ ಉಪಕಾರ ಮಾಡಲು ಹೋಗಬಾರದು.

ದೊಡ್ಡಪ್ಪ: ಇಬ್ಬರೂ ನಾಲಿಗೆ ಬಿಗಿಹಿಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರೆ, ನೀವು ಹಾಸಿಗೆಯ ದಪ್ಪಕ್ಕಾಗಿ ಕಿತ್ತಾಡುತ್ತಿದ್ದೀರಿ. ಸಂಯಮವೆಂಬುದು ಯಾರಲ್ಲೂ ಉಳಿದಿಲ್ಲ.

ಅತ್ತೆಯ ಮಗ: ಹಳೆಯ ಮನೆಯ ಹಿಂದಿನ ಕೋಣೆಯ ಸಿಮೆಂಟು ನೆಲ ಯಾರಿಗಾದರೂ ನೆನಪಿದೆಯೇ? ಮಳೆಗಾಲದಲ್ಲಿ ಟ್ರಂಕನ್ನು ಪಕ್ಕಕ್ಕೆ ಸರಿಸಿದರೆ ಅದರ ಅಡಿಯಷ್ಟೇ ಚೌಕವಾಗಿ ಕಪ್ಪಗೆ ಒದ್ದೆಯಾಗಿರುತ್ತಿತ್ತು, ಸುತ್ತಲಿನ ನೆಲ ಮಾತ್ರ ಒಣಗಿಯೇ ಇರುತ್ತಿತ್ತು. ಗೋಡೆಯಂಚಿನಲ್ಲಿ ಏಳುತ್ತಿದ್ದ ಬಿಳಿ ಪುಡಿಯನ್ನು ಉಪ್ಪು ಹೌದೋ ಅಲ್ಲವೋ ಎಂದು ಅಕ್ಕ ನೆಕ್ಕಿ ನೋಡಿದ್ದಳು.

ಚಿಕ್ಕಪ್ಪ: ಇಲ್ಲಿ ಗಂಭೀರವಾದ ಚರ್ಚೆ ನಡೆಯುತ್ತಿದೆ. ಹಳೆಯ ಪುರಾಣ ಬೇಡ.

ನಾನು: ಇಡೀ ಬೆಳಗಿನ ಚರ್ಚೆಯಲ್ಲಿ ಗಂಭೀರವಾದ ಮಾತೆಂದರೆ ಅದೊಂದೇ. ನೆಲದೊಳಗಿನ ತೇವ ಆವಿಯಾಗಿ ಸದಾ ಮೇಲಕ್ಕೆ ಬರುತ್ತಲೇ ಇರುತ್ತದೆ. ಬರಿನೆಲದಲ್ಲಿ ಅದು ಗಾಳಿಗೆ ಸೇರಿ ಹೋಗುವುದರಿಂದ ಕಾಣುವುದಿಲ್ಲ, ಟ್ರಂಕು ಇಟ್ಟಲ್ಲಿ ದಾರಿ ಮುಚ್ಚಿ ನಿಂತುಬಿಡುತ್ತದೆ. ಕೋಣೆಯ ತುಂಬ ವಿನೈಲ್ ಹಾಸಿದರೂ ಆಗುವುದು ಅದೇ. ಪ್ಲ್ಯಾಂಕು ನೀರಿಗೆ ಕೆಡದಿರಬಹುದು, ಆದರೆ ಅಡಿಯಲ್ಲಿ ಸಿಕ್ಕಿಬಿದ್ದ ತೇವದಿಂದ ಬೂಷ್ಟು ಬೆಳೆದು ಕೋಣೆ ಮುಗ್ಗಲು ನಾರುತ್ತದೆ. ಆವಿಯನ್ನು ತಡೆಯುವುದು ಕೆಲಸದವರು ಹೇಳಿದ ತೆಳ್ಳನೆಯ ಪಾಲಿಥಿನ್ ಹಾಳೆಯೇ ಹೊರತು ಫೋಮಿನ ದಪ್ಪವಲ್ಲ. 0.15 ಮಿ.ಮೀ. ದಪ್ಪದ ಹಾಳೆ ಸಾಕು, ಆದರೆ ಒಂದರ ಮೇಲೊಂದು ಸುಮಾರು 20 ಸೆಂ.ಮೀ. ಬರುವಂತೆ ಹಾಸಿ ಕೂಡುಜಾಗಕ್ಕೆ ಟೇಪ್ ಹಚ್ಚಿರಬೇಕು. ಪ್ಯಾಡ್ ಇರುವ ಪ್ಲ್ಯಾಂಕಿನ ಅಡಿಯಲ್ಲಿ ಈ ಹಾಳೆಗೆ ಒಪ್ಪಿಗೆಯಿದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ನೆಲದ ತಗ್ಗನ್ನು ಫೋಮ್ ತುಂಬುತ್ತದೆಂಬ ನಂಬಿಕೆಯೂ ಬೇಡ. 3 ಮೀಟರಿಗೆ 5 ಮಿ.ಮೀ.ಗಿಂತ ಹೆಚ್ಚು ಏರುಪೇರಿದ್ದರೆ ಲೆವೆಲಿಂಗ್ ಗಾರೆಯಿಂದ ಸರಿಪಡಿಸಬೇಕು.

ಅಕ್ಕ: ಅದು ಉಪ್ಪೇ ಆಗಿತ್ತು, ಸಿಮೆಂಟಿನಿಂದ ತೇವದೊಡನೆ ಮೇಲೆ ಬಂದ ಲವಣ. ನೆಕ್ಕಿದ್ದರಿಂದಲೇ ಗೊತ್ತಾಯಿತು.

ಚಿಕ್ಕಪ್ಪ: ಹಾಗಾದರೆ ನಾನು ಕಳಿಸಿದ್ದರಲ್ಲಿ ತೇವದ ಮಾತು ಇರಲಿಲ್ಲವೆಂಬುದಷ್ಟೇ ನಿಮ್ಮ ತಕರಾರು.

ಅಕ್ಕ: ಅಷ್ಟೇ ಅಲ್ಲ, ಮೇಲೆ ಓದಿ.

ದೊಡ್ಡಪ್ಪ: ನಮ್ಮ ನೆಲದಲ್ಲಿ ತೇವವಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಯಾರೂ ಅದನ್ನು ಹೇಳಲಿಲ್ಲ.

ನಾನು: ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ಕೆಲಸ ಶುರುಮಾಡಬೇಡಿ. ಏನೂ ಕಾಣದಿದ್ದರೂ ಪೂರ್ತಿ ನಂಬುವಂತಿಲ್ಲ. ಕಾಂಕ್ರೀಟಿಗೆ ರಂಧ್ರ ಕೊರೆದು ಒಳಗಿನ ಸಾಪೇಕ್ಷ ತೇವಾಂಶ ಅಳೆಯುವ ಪರೀಕ್ಷೆಯೇ ಹೆಚ್ಚು ಭರವಸೆಯದು.

ದೊಡ್ಡಪ್ಪ: ಸಂಜೆ ಐದಕ್ಕೆ ಅಂಟಿಸುತ್ತೇನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಯಾರೂ ಕೀಳಬಾರದು.

ಚಿಕ್ಕಪ್ಪ: ಟೇಪ್ ನನ್ನ ಬಳಿ ಇದೆ. ಕೊಡುತ್ತೇನೆ, ಆದರೆ ಅಕ್ಕ ಕೇಳಲಿ.