ಈರಣ್ಣನ ಗಡ್ಡಕ್ಕ ಹೊಂದೋ ಮಾಸ್ಕ್

ಮೊನ್ನೆ ಸಂಜಿಮುಂದ ವಗ್ಗಾಣಿ ತಿನ್ನಾಕ ಕುಂತಾಗ ನಮ್ಮ ಈರಣ್ಣ ಸಾಲಾಗಿ ಏಳು ಸಲ ಸೀನಿದ. ಏಳನೇ ಸೀನಿಗೆ ಪ್ಲೇಟಿನ್ಯಾಗಿನ ಮಂಡಾಳು ಎದರಿಗೆ ಕುಂತಿದ್ದ ಮಾಬಣ್ಣನ ಅಂಗಿ ಮ್ಯಾಲ ಹೋಗಿ ಕುಂತ್ವು. ಆಮ್ಯಾಲ ದಸ್ತಿ ತಗದು ಮೂಗು ಒರಸ್ಕೊಂಡ, ನೋಡಿದ್ರ ದಸ್ತಿ ತುಂಬ ಕಂದು ಬಣ್ಣ. ಏನಲೇ ಇದು ಅಂದ್ರ, "ಏನಿಲ್ಲೋ, ಇವತ್ತ ಎಂಡಿಎಫ್, ಅದ ಕಟಗಿ ಎಳಿ ಅಂಟಿನಾಗ ಒತ್ತಿ ಮಾಡಿದ ಹಲಗಿ, ಕೊರದೀನಿ, ನಿನ್ನೆ ಸಾಗವಾನಿ ಇತ್ತಲ್ಲ, ನಿನ್ನೆ ಬ್ಯಾರೇನ ಕಲರ್ ಬಂದಿತ್ತು" ಅಂತ ಪೇಂಟ್ ಅಂಗಡ್ಯಾವ ಶೇಡ್ ಕಾರ್ಡ್ ತೋರಿಸಿದಂಗ ಹೇಳಿದ.

ಈರಣ್ಣಂದು ಕೊಪ್ಪಳದಾಗ ಫರ್ನಿಚರ್ ಮಾಡೋ ಶೆಡ್, ಮಾಬಣ್ಣಂದು ಅದರ ಪಕ್ಕಕ್ಕ ವೆಲ್ಡಿಂಗ್, ನಂದು ಹಾರ್ಡ್‌ವೇರ್ ಅಂಗಡಿ, ಅಂದ್ರ ಇಬ್ಬರಿಗೂ ಉದ್ರಿ ಕೊಡಾವ ನಾನ.

"ಮಾಸ್ಕ್ ಹಾಕ್ಕೊಳ್ಳಲ್ಲೇನಪಾ?" ಅಂದೆ.

"ಹಾಕ್ಕೊಂತೀನಲ್ಲ" ಅಂತ ಕಿಸೆದಾಗಿಂದ ಒಂದು ನೀಲಿ ಮಾಸ್ಕ್ ತಗದ. ಕರೋನಾ ಕಾಲದ್ದು. ಒಂದು ಕಡಿ ದಾರ ಹರದಿದ್ದಕ್ಕ ಸುತಳಿ ಕಟ್ಟಿದ್ದ.

"ಲೇ, ಅದು ನಿನ್ನ ಬಾಯಾಗಿನ ಉಗುಳು ಮಂದಿ ಮ್ಯಾಲ ಸಿಡೀಬಾರ್ದು ಅಂತ ಮಾಡಿದ್ದು, ಎರಡೂ ಗಲ್ಲದ ಬಾಜೂಕ ಸಂದಿ ಹೆಂಗ ಬಿಟ್ಕೊಂಡೈತಿ ನೋಡು, ಮುಂಬಾಗಲಿಗೆ ಕೀಲಿ ಜಡದು ಹಿತ್ತಲಬಾಗಲ ತಗದಿಟ್ಟು ಊರಿಗೆ ಹೋದಂಗಾತಿದು. ಎನ್95 ತಗೊಂಡು ಹೋಗಿದ್ದೆಲ್ಲ, ಎಲ್ಲಿ?"

"ನಮ್ಮಾಕಿ ತೊಳದು ಒಣಾಕ ಹಾಕ್ಯಾಳ."

ತೊಳದದ್ದು ಬರೇ ನೀರಾಗಲ್ಲ. ಸೋಪಿನ ಪುಡಿಯಾಗ ನೆನಸಿಟ್ಟು, ಬ್ರಶ್ ಹಾಕಿ ತಿಕ್ಕಿ, ಅಂಗಿ ಕಾಲರಿಗೆ ಆಗೋ ಸೇವಾ ಎಲ್ಲಾ ಮಾಡ್ಯಾಳ. ನಾನು ತಲಿ ಹಿಡ್ಕೊಂಡೆ. ಅದರ ಒಳಗಿನ ಪದರಕ್ಕ ಕರೆಂಟಿನಂಥಾ ಒಂದು ಸೆಳೆತ ತುಂಬಿರ್ತಾರ, ಪ್ಲಾಸ್ಟಿಕ್ ಬಾಚಣಿಕಿ ತಲಿಗೆ ತಿಕ್ಕಿ ಹಿಡದ್ರ ಕಾಗದದ ಚೂರು ಹಾರಿ ಬಂದು ಅಂಟ್ಕೊಳ್ಳಲ್ಲೇನು, ಹಂಗ ಸಣ್ಣ ಧೂಳು ಆ ಎಳಿಗೋಳಿಗೆ ಬಂದು ಅಂಟ್ತೈತಿ. ಸೋಪು ಬಿದ್ದ್ರ ಆ ಸೆಳೆತ ಹೋತು, ಉಳಿಯೋದು ಬರೇ ಅರಬಿ.

"95 ಅಂದ್ರ ಏನು, ಪರ್ಸೆಂಟೇಜ್ ಏನು?" ಅಂದ ಮಾಬಣ್ಣ.

"ಹೌದು. 0.3 ಮೈಕ್ರಾನಿನ ಕಣ 100 ಬಂದ್ರ ಕಮ್ಮಿ ಅಂದ್ರೂ 95 ಹಿಡೀಬೇಕು."

"ನೋಡೋ ಈರಣ್ಣ, ಮಾಸ್ಕಿಗೆ 95 ಬಂದೈತಿ, ನಿನ್ನ ಮಗಗ ಗಣಿತದಾಗ ಪಾಸ್ ಆಗೋವಷ್ಟೂ ಬರವಲ್ವು!"

ಇಲ್ಲೊಂದು ಮಾತು ಹೇಳಬೇಕು. ಈರಣ್ಣನ ಮಗ ಎಸ್ಸೆಸ್ಸೆಲ್ಸಿಯಾಗ ಗಣಿತದಾಗ ಫೇಲ್ ಆಗ್ಯಾನ. ಒಂದು ಸಲ ಬರದಾತು, ಎರಡು ಸಲ ಬರದಾತು, ಈಗ ಮೂರನೇ ಸಲ. ಹುಡುಗ ಪಾಸಾಗೋ ತನಕ ಗಡ್ಡ ತೆಗಿಯಲ್ಲ ಅಂತ ಈರಣ್ಣ ಹುಲಿಗೆಮ್ಮಗ ಹರಕಿ ಹೊತ್ತಾನ. ಗಡ್ಡ ಈಗ ಎದಿ ಮುಟ್ಟೈತಿ. ಗಡ್ಡದಾಗೂ ಎಂಡಿಎಫ್ ಪುಡಿ, ತಲಿ ಅಲ್ಲಾಡಿಸಿದ್ರ ಉದರ್ತಾವು.

"0.3 ಅಂದ್ರ ಎಷ್ಟ್ ಸಣ್ಣದು?"

"ನಿನ್ನ ಗಡ್ಡದ ಒಂದು ಕೂದಲ ಸೀಳಿ ಇನ್ನೂರು ಪಾಲು ಮಾಡಿದ್ರೂ ಒಂದು ಪಾಲು ಅದಕ್ಕಿಂತ ದಪ್ಪ ಇರ್ತೈತಿ." ಈರಣ್ಣ ಗಡ್ಡ ಹಿಡದು ನೋಡ್ಕೊಂಡ.

ಯುರೋಪಿನ ಲೆಕ್ಕದಾಗ ಎಫ್‌ಎಫ್‌ಪಿ2 ಅಂದ್ರ 94, ಎಫ್‌ಎಫ್‌ಪಿ3 ಅಂದ್ರ 99, ನಮ್ಮ ದೇಶದ ಮಾಸ್ಕಾದ್ರ ಐಎಸ್ 9473 ಅಂತ ನಂಬರ್ ಅಚ್ಚಾಗಿರಬೇಕು, ಪಿ100 ಅಂದ್ರ 99.97 ಅಂತ ನಾನು ಹೇಳ್ಕೋಂತ ಹೊಂಟೆ, ಇಬ್ಬರೂ ಮಿರ್ಚಿ ಮುರ್ಕೊಂಡು ತಿನ್ನಾಕತ್ತಿದ್ರು, ಒಬ್ಬನೂ ಕಿವಿ ಕೊಡ್ಲಿಲ್ಲ. ಆದ್ರ 'ಎನ್' ಅಂದ್ರ ಎಣ್ಣಿ ಮಂಜು ಇದ್ದಲ್ಲಿ ನಡಿಯಲ್ಲ, 'ಪಿ' ಅಂದ್ರ ನಡೀತೈತಿ ಅಂದ ಕೂಡಲೇ ಮಾಬಣ್ಣ ಮಿರ್ಚಿ ಬಂಡಿಯಾಂವನ ಬಾಣಲಿ ಕಡಿ ನೋಡಿ, "ಹಂಗಾದ್ರ ಇವಗ ಪಿ ಬೇಕು" ಅಂದ.

"ಇರ್ಲಿ, ಆದ್ರ ನೀ ಕೊಟ್ಟ ಎನ್95 ಡುಪ್ಲಿಕೇಟ್ ಐತಿ ತಗೊ" ಅಂತ ಈರಣ್ಣ ನನ್ನ ಮ್ಯಾಲ ಬಂದ. "ಪಾಲಿಶ್ ಹೊಡಿಯಾಗ ಥಿನ್ನರ್ ವಾಸನಿ ಸೀದಾ ಮೂಗಿಗೆ ಬಂತು!"

ವಾಸನಿ ಬ್ಯಾರೆ, ಧೂಳು ಬ್ಯಾರೆ ಅಂತ ಇವಗ ತಿಳಿಸಿ ಹೇಳಾಕ ಎರಡು ಚಾ ಖರ್ಚಾದ್ವು. ಸೊಳ್ಳಿ ಪರದಿ ಸೊಳ್ಳಿ ತಡೀತೈತಿ, ಗಾಳಿ ತಡಿಯಲ್ಲಲ್ಲ, ಹಂಗ. ಥಿನ್ನರಿನ ಆವಿಗೆ ಮಾಸ್ಕಿಗೆ ಹಚ್ಚೋ ಇದ್ದಿಲ ತುಂಬಿದ ಡಬ್ಬಿನ ಬೇಕು, ಅಮೆರಿಕದ ಲೆಕ್ಕದಾಗ ಕರಿ ಬಣ್ಣದ ಪಟ್ಟಿ ಇರ್ತೈತಿ ಅದಕ್ಕ. ಕೆಲಸ ಮುಗದ ಮ್ಯಾಲ ಅದನ್ನ ಮೊಳಿಗೆ ತೂಗ ಹಾಕಿದ್ರ ಆ ಇದ್ದಿಲ ರಾತ್ರಿಯೆಲ್ಲಾ ಶೆಡ್ಡಿನ ಗಾಳಿ ಕುಡದು ಮುಗೀತೈತಿ, ಗಾಳಿ ಆಡದ ಡಬ್ಬಿಯಾಗ ಮುಚ್ಚಿಡಬೇಕು. ಇಷ್ಟ ಹೇಳಿದ ಮ್ಯಾಲೂ ಈರಣ್ಣ "ಒಲಿ ಇದ್ದಿಲ ನಡೀತೈತೇನು?" ಅಂತ ಕೇಳಿದ.

ನಗಿ ಬಿಟ್ಟು ಒಂದು ಮಾತು. 1995ರಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು ಕಟಗಿ ಧೂಳನ್ನ ಮನಷ್ಯಾರಿಗೆ ಕ್ಯಾನ್ಸರ್ ತರೋ ಮೊದಲನೇ ಗುಂಪಿಗೆ ಹಾಕ್ಯಾರ, ಮುಖ್ಯ ಮೂಗಿನ ಒಳಗಿಂದು. ಹೇಳಿದೆ. ಈರಣ್ಣ ಸ್ವಲ್ಪ ಹೊತ್ತು ಸುಮ್ನ ಕುಂತ. ಮಾಬಣ್ಣ ಸುಮ್ನಿರಬೇಕಲ್ಲ, "ನಮ್ಮ ಕಿನ್ನಾಳದ ಚಿತ್ರಗಾರ್ರು ಕಟಗಿ ಹೊಟ್ಟು, ಹುಣಸಿಬೀಜದ ಅಂಟು ಕಲಿಸಿ ಕಿಟ್ಟ ಮಾಡಿ ಗೊಂಬಿ ಮೆತ್ತತಾರ, ನೀ ಪುಪ್ಪಸದಾಗ ಎತ್ತಿನ ಜೋಡಿ ಮಾಡಾಕತ್ತೀ ಏನು?" ಅಂದ.

ಮರುದಿನ ಈರಣ್ಣ ಅಂಗಡಿಗೇ ಬಂದ. ಮೂಗು ಬಾಯಿ ಮುಚ್ಚೋ ರಬ್ಬರಿನ ಹಾಫ್ ಮಾಸ್ಕು ತಗದು ಕೊಟ್ಟೆ, ಎರಡೂ ಬಾಜೂಕ ಪಿ100 ಫಿಲ್ಟರ್. ಫಿಲ್ಟರ್ ಗಾಢ ಗುಲಾಬಿ ಬಣ್ಣ ಇರ್ತಾವು, ಅದನ್ನ ನೋಡಿ "ಹೆಣ್ಮಕ್ಕಳ ಟಿಫಿನ್ ಡಬ್ಬಿ ಕಂಡಂಗ ಕಾಣ್ತೈತಿ" ಅಂತ ಮಾರಿ ಸೊಟ್ಟ ಮಾಡಿದ, ಆದ್ರೂ ಹಾಕ್ಕೊಂಡ. ಎರಡೂ ಅಂಗೈಲಿ ಫಿಲ್ಟರ್ ಮುಚ್ಚಿ ಉಸರು ಒಳಗ ಎಳಿ, ಮಾಸ್ಕ್ ಮುಖಕ್ಕ ಹೀರ್ಕೊಂಡು ಕುಂತ್ರ ಸರಿ ಐತಿ ಅಂತ ಅಂದೆ. ಎಳದ. ಗಡ್ಡದಾಗಿಂದ ಸುಯ್ಯ್ ಅಂತ ಸಪ್ಪಳ ಬಂತು, ಮಾಸ್ಕ್ ಜಪ್ಪಯ್ಯ ಅನ್ಲಿಲ್ಲ. ಬೆಲ್ಟ್ ಬಿಗಿ ಮಾಡಿದ್ವಿ, ಕಣ್ಣು ಹೊರಗ ಬಂದ್ವು, ಸುಯ್ಯ್ ನಿಲ್ಲಲಿಲ್ಲ.

ಮಾಬಣ್ಣಂದು ನುಣ್ಣಗ ಬೋಳಿಸಿದ ಗಲ್ಲ, ಅವ ಹಾಕ್ಕೊಂಡು ಎಳದ ಕೂಡಲೇ ಹಲ್ಲಿ ಗ್ವಾಡಿಗೆ ಹತ್ತಿದಂಗ ಹತ್ತಿತು. ಒಳಗಿಂದ ಏನೋ "ಮ್ಮ್ ಮ್ಮ್" ಅನ್ನಾಕತ್ತಿದ, ನಾವು ಖುಷಿ ಆಗ್ಯಾನ ಅಂತ ಚಪ್ಪಾಳಿ ಹೊಡದ್ವಿ. ಆಮ್ಯಾಲ ಗೊತ್ತಾತು, ಅಂಗೈ ತಗದ್ರ ಉಸರು ಬರ್ತೈತಿ ಅನ್ನೋದ ಅವಗ ಮರತಿತ್ತು.

"ಮೀಸಿ ಇರ್ಲಿ, ರಬ್ಬರಿನ ಒಳಗ ಕುಂತ್ರ ಸಾಕು, ಗಡ್ಡ ತಗಿ" ಅಂದೆ. "ಭಾಗ್ಯನಗರ ಇಲ್ಲೇ ಐತಿ, ಕೂದಲ ವ್ಯಾಪಾರದವರಿಗೆ ಕೊಡು, ಮಾಸ್ಕಿನ ರೊಕ್ಕ ಹುಟ್ಟತೈತಿ" ಅಂದ ಮಾಬಣ್ಣ. ಈರಣ್ಣ ಎರಡೂ ಕೆನ್ನಿ ಬಡಕೊಂಡು "ಹುಲಿಗೆಮ್ಮ, ಇವರ ಮಾತು ಕೇಳ್ಬ್ಯಾಡವ್ವ" ಅಂದ. ಗಡ್ಡ ಇದ್ದವ್ರಿಗೂ ನಡಿಯೋವು ಅದಾವು, ತಲಿ ತುಂಬ ಮುಸುಕು, ಸೊಂಟದಾಗ ಬ್ಯಾಟರಿ ಫ್ಯಾನ್ ಕಟ್ಕೊಂಡು ಸೋಸಿದ ಗಾಳಿ ಮುಖಕ್ಕ ಬಿಡೋವು. ರೇಟ್ ಕೇಳಿ ಈರಣ್ಣ ಅದ ರೊಕ್ಕಕ್ಕ ಹಳೇ ಬೈಕ್ ಬರ್ತೈತಿ ಅಂದ.

ಕಡೀಕ ಆಗಿದ್ದು ಇಷ್ಟ. ಬ್ಲೋವರಿನಿಂದ ಧೂಳು ಎಬ್ಬಿಸೋದು ಬಿಡಿಸಿ ಗರಗಸಕ್ಕ ವ್ಯಾಕ್ಯೂಮ್ ಪೈಪ್ ಕಟ್ಟೀವಿ, ಸ್ಯಾಂಡಿಂಗ್ ಹೊರಗ ಬೇವಿನ ಗಿಡದ ಕೆಳಗ. ಹಾಫ್ ಮಾಸ್ಕ್ ಸ್ಟೀಲ್ ಡಬ್ಬಿಯಾಗ ಕುಂತೈತಿ, ಅದರ ರೊಕ್ಕ ನನ್ನ ಉದ್ರಿ ವಹಿಯಾಗ ಕುಂತೈತಿ, ಗಡ್ಡ ತಗದು ಮಾಸ್ಕ್ ಹಾಕ್ಕೊಂಡ ದಿನಾನ ಕೊಡ್ತೀನಿ ಅಂದಾನ. ಈಗ ದಿನಾ ಸಂಜಿಕ ಅವನ ಮಗಗ ಗಣಿತ ನಾನ ಹೇಳಿಕೊಡಾಕತ್ತೀನಿ.