ಬಾಕ್ಸ್ ಹಿಲ್ (ಸರ್ರೆ, ಇಂಗ್ಲೆಂಡ್): ಒಂದು ಮಗ್ಗುಲು ಬೋಳು ಹುಲ್ಲು, ಇನ್ನೊಂದು ದಟ್ಟ ಕಾಡು, ಯಾಕೆ?

ಚಾರಣಪ್ರಿಯ (ಪ್ರಶ್ನೆ)

ಲಂಡನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಬಾಕ್ಸ್ ಹಿಲ್‌ಗೆ ಜುಲೈ ಕೊನೆಯ ವಾರ ಹೋಗುವ ಯೋಜನೆ ಇದೆ. ಗುಂಪಿನಲ್ಲಿ 65 ದಾಟಿದ ಇಬ್ಬರು, ಎಂಟು ವರ್ಷದ ಒಂದು ಮಗು. ಗೊತ್ತಿರುವವರು ಹೇಳಿ:

ಎತ್ತರ ಬರೀ 224 ಮೀಟರ್. ಅಷ್ಟರಲ್ಲೇ ದಕ್ಷಿಣದ ಇಳಿಜಾರು ಗಿಡ್ಡ ಹುಲ್ಲು, ಮೋಲ್ ನದಿ ಕಡೆಯ ಕಡಿದಾದ ಮಗ್ಗುಲು ಕಪ್ಪು ಹಸಿರು ಕಾಡು, ನೆತ್ತಿಯ ಮೇಲೆ ಮತ್ತೆ ಬೇರೆ ಜಾತಿಯ ಮರಗಳು. ನಮ್ಮ ಕುದುರೆಮುಖದ ಶೋಲಾ-ಹುಲ್ಲುಗಾವಲಿನ ಥರದ್ದೇ ಏನಾದರೂ ಇದು?

ಅಡೋನಿಸ್ ಬ್ಲೂ ಚಿಟ್ಟೆ ಆ ಹೊತ್ತಿಗೆ ಸಿಗುತ್ತಾ? ಮತ್ತೆ ಸ್ಟೆಪ್ಪಿಂಗ್ ಸ್ಟೋನ್ಸ್ ದಾರಿ ವಯಸ್ಸಾದವರಿಗೆ ಆಗುತ್ತಾ?

ಸುಣ್ಣದಬಂಡೆ

ಶೋಲಾ ಥರ ಅಲ್ಲ. ಇಲ್ಲಿಯ ಹುಲ್ಲು ದನ-ಕುರಿ ಮೇಯ್ದೂ ಮೇಯ್ದೂ ಉಳಿದದ್ದು. ಮೇಯಿಸೋದು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹಾಥಾರ್ನ್, ಡಾಗ್‌ವುಡ್ ಪೊದೆಗಳು ಏಳುತ್ತವೆ, ಅವುಗಳ ಹಿಂದೆಯೇ ಮರಗಳು.

ಆದರೆ ಮೂರು ಭಾಗ ಮೂರು ಥರ ಇರೋದಕ್ಕೆ ಕಾರಣ ಬರೀ ದನವಲ್ಲ, ಮಣ್ಣು. ಗುಡ್ಡದ ಒಡಲು ಚಾಕ್: ಕ್ರಿಟೇಷಿಯಸ್ ಯುಗದ ಸಮುದ್ರದಲ್ಲಿ ಸೂಕ್ಷ್ಮ ಪಾಚಿಗಳ ಸುಣ್ಣದ ಚಿಪ್ಪು ತಳಕ್ಕೆ ಕೂತು ಆದ ಮೆದು ಬಿಳಿ ಕಲ್ಲು, ನಡುನಡುವೆ ಫ್ಲಿಂಟ್ (ಚಕಮಕಿ ಕಲ್ಲು) ಗಂಟುಗಳು. ಮಳೆ ಬಿದ್ದರೆ ಮೇಲೆ ನಿಲ್ಲಲ್ಲ, ಸೀಳುಗಳಲ್ಲಿ ಇಳಿದು ಹೋಗುತ್ತೆ. ಪಕ್ಕದ ಜುನಿಪರ್ ಬಾಟಮ್ ನೋಡಿದರೆ ಹೊಳೆ ಕೊರೆದ ಕಣಿವೆ ಅಂತ ಯಾರಿಗಾದರೂ ಗೊತ್ತಾಗುತ್ತೆ, ಹೊಳೆ ಮಾತ್ರ ಇಲ್ಲ. ಹಿಮಯುಗದಲ್ಲಿ ನೆಲ ಹೆಪ್ಪುಗಟ್ಟಿ ನೀರು ಒಳಗಿಳಿಯದೆ ಮೇಲೆ ಹರಿದಾಗ ಕೊರೆದದ್ದು ಅದು.

ಇಳಿಜಾರಿನಲ್ಲಿ ಚಾಕ್ ಮೇಲೆ ಇರುವ ಮಣ್ಣು ಕೆಲವೇ ಅಂಗುಲ. ಒಣ, ಸುಣ್ಣ ಜಾಸ್ತಿ, ಸಾರಜನಕ ಮತ್ತು ರಂಜಕ ಕಮ್ಮಿ. ಹೂಗಳು ಅಷ್ಟೊಂದು ಬಗೆ ಇರೋದಕ್ಕೆ ಈ ಬಡತನವೇ ಕಾರಣ. ಗೊಬ್ಬರ ಬಿದ್ದರೆ ಎತ್ತರಕ್ಕೆ ಬೆಳೆಯುವ ಒರಟು ಹುಲ್ಲು ನೆಲ ಹಿಡಿದು ಥೈಮ್, ವೆಚ್, ಆರ್ಕಿಡ್‌ಗಳನ್ನು ಮುಚ್ಚಿಬಿಡುತ್ತೆ. ನಾಯಿ ಕರೆದುಕೊಂಡು ಬರುವವರು ಲದ್ದಿ ಎತ್ತಿಕೊಂಡು ಹೋಗಬೇಕು ಅನ್ನೋದಕ್ಕೆ ಚೊಕ್ಕಟದ ಜೊತೆ ಇದೂ ಕಾರಣ.

ನೆತ್ತಿಯಲ್ಲಿ ಚಾಕ್ ಮೇಲೆ ಫ್ಲಿಂಟ್ ಬೆರೆತ ಜೇಡಿಮಣ್ಣಿನ ಪದರ ಕೂತಿದೆ. ಅದು ಆಮ್ಲೀಯ, ಆಳ ಜಾಸ್ತಿ, ನೀರು ಹಿಡಿಯುತ್ತೆ. ಓಕ್, ಬರ್ಚ್ ಅಲ್ಲಿ. ಬೀಚ್ ಮರವೂ ಇದೆ, 1987ರ ಅಕ್ಟೋಬರ್ ಬಿರುಗಾಳಿಗೆ ಬಹಳ ಮರ ಉರುಳಿದವು.

ಇನ್ನು ನದಿ ಕಡೆಯ 'ದ ವೈಟ್ಸ್'. ಮೋಲ್ ನದಿ ಅಲ್ಲಿ ಗುಡ್ಡದ ಬುಡ ಕೊರೆಯುತ್ತೆ, ಮೇಲಿನ ಚಾಕ್ ಜಾರುತ್ತಾ ಇರುತ್ತೆ, ಮಣ್ಣು ನಿಲ್ಲೋದೇ ಇಲ್ಲ. ದೊಡ್ಡ ಬೀಚ್ ಮರಕ್ಕೆ ಅಲ್ಲಿ ಕಾಲೂರಲು ಆಗಲ್ಲ. ನಿಧಾನವಾಗಿ ಬೆಳೆಯುವ ಬಾಕ್ಸ್ ಮತ್ತು ಯೂ ಎಂಬ ನಿತ್ಯಹಸಿರು ಮರಗಳು ಹಿಡಿದುಕೊಂಡಿವೆ. ನೀವು ನೋಡಿದ ಕಪ್ಪು ಹಸಿರು ಅದೇ.

ಹಸಿರುದಾರಿ

ಒಂದು ಸಂಶಯ. ದನ ಹೂವನ್ನೂ ತಿನ್ನುತ್ತಲ್ಲ? ಮೇಯಿಸದೆ ಬಿಟ್ಟರೆ ಚಿಟ್ಟೆ ಹೆಚ್ಚಾಗಬೇಕಲ್ವಾ?

ನೀಲಿರೆಕ್ಕೆ

ಹಾಗೆ ಬಿಟ್ಟರೆ ಏನಾಗುತ್ತೆ ಅಂತ ಬ್ರಿಟನ್ ಒಮ್ಮೆ ನೋಡಿಯಾಗಿದೆ. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಕೆಲವೇ ವರ್ಷಗಳಲ್ಲಿ ಬಹುಪಾಲು ಮೊಲಗಳು ಸತ್ತವು. ಕುರಿ ಮೇಯಿಸೋದೂ ಅಷ್ಟರಲ್ಲಿ ಕಮ್ಮಿಯಾಗಿತ್ತು. ಚಾಕ್ ಗುಡ್ಡಗಳ ಹುಲ್ಲು ಮೊಣಕಾಲೆತ್ತರ ಬೆಳೆಯಿತು, ಅಡೋನಿಸ್ ಬ್ಲೂ ಎಷ್ಟೋ ಕಡೆಯಿಂದ ಕಾಣೆಯಾಯಿತು.

ಕಾರಣ ಹೀಗೆ. ಅದರ ಮರಿಹುಳು ತಿನ್ನೋದು ಹಾರ್ಸ್‌ಶೂ ವೆಚ್ ಎಂಬ ಒಂದೇ ಗಿಡ. ಹಳದಿ ಹೂವಿನ, ನೆಲಕ್ಕಂಟಿ ಹರಡುವ ಗಿಡ, ಕಾಯಿ ಲಾಳದ ತುಂಡುಗಳನ್ನು ಜೋಡಿಸಿದ ಹಾಗೆ ಇರುತ್ತೆ. ಹುಲ್ಲು ಉದ್ದವಾದರೆ ನೆರಳಿಗೆ ಸಿಕ್ಕಿ ಸೊರಗುತ್ತೆ. ಗಿಡ ಉಳಿದರೂ ಬುಡದ ನೆಲ ತಣ್ಣಗಾಗುತ್ತೆ, ಇರುವೆ ಬಿಟ್ಟುಹೋಗುತ್ತೆ. ಇರುವೆ ಬೇಕೇ ಬೇಕು: ಮರಿಹುಳು ಒಸರುವ ಸಿಹಿರಸಕ್ಕಾಗಿ ಅದರ ಸುತ್ತಲೇ ಇದ್ದು, ರಾತ್ರಿ ಮಣ್ಣಿನಲ್ಲಿ ಮುಚ್ಚಿ ಕಾಯೋದು ಅದೇ. ಹುಲ್ಲು ಒಂದರಿಂದ ನಾಲ್ಕು ಸೆಂಟಿಮೀಟರ್ ಒಳಗೇ ಇರಬೇಕು, ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರಬೇಕು.

ಹಾಗಂತ ಎಲ್ಲ ಕಡೆ ಒಂದೇ ಸಮ ಬೋಳಿಸಿದರೂ ಕೆಡುತ್ತೆ, ಮಾರ್ಬಲ್ಡ್ ವೈಟ್‌ನಂಥ ಚಿಟ್ಟೆಗಳಿಗೆ ಉದ್ದ ಹುಲ್ಲೇ ಬೇಕು. ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಇಲ್ಲಿ ಬೆಲ್ಟೆಡ್ ಗ್ಯಾಲೋವೇ ದನ ಬಿಡುತ್ತೆ (ಕಪ್ಪು ಮೈ, ಹೊಟ್ಟೆಗೆ ಅಗಲ ಬಿಳಿ ಪಟ್ಟಿ). ಒರಟು ಹುಲ್ಲನ್ನೂ ತಿನ್ನುವ ತಳಿ. ಕುರಿಯಂತೆ ಸಮನಾಗಿ ಕತ್ತರಿಸದೆ ಇಲ್ಲಿ ಗಿಡ್ಡ ಅಲ್ಲಿ ಉದ್ದ ಬಿಟ್ಟು ಮೇಯುತ್ತೆ.

ಮೂಲ ಪ್ರಶ್ನೆಗೆ: ಜುಲೈ ಕೊನೆಗೆ ಅಡೋನಿಸ್ ನೆಚ್ಚಿಕೊಳ್ಳಬೇಡಿ. ಅದಕ್ಕೆ ವರ್ಷಕ್ಕೆ ಎರಡು ಪೀಳಿಗೆ: ಒಂದು ಮೇ ಮಧ್ಯದಿಂದ ಜೂನ್, ಇನ್ನೊಂದು ಆಗಸ್ಟ್‌ನಿಂದ ಸೆಪ್ಟೆಂಬರ್. ನೀವು ಹೋಗುವುದು ಸರಿಯಾಗಿ ನಡುವಿನ ಖಾಲಿ ಕಾಲಕ್ಕೆ. ಬದಲಿಗೆ ಚಾಕ್‌ಹಿಲ್ ಬ್ಲೂ ಸಿಗುತ್ತೆ. ಅದರ ಮರಿಹುಳುವಿಗೂ ಅದೇ ವೆಚ್ ಗಿಡ, ಆದರೆ ವರ್ಷಕ್ಕೊಂದೇ ಪೀಳಿಗೆ.

ಗುರುತು ಹಿಡಿಯೋಕೆ ರೆಕ್ಕೆಯ ಬಣ್ಣಕ್ಕಿಂತ ಅಂಚು ನಂಬಿ. ಅಂಚಿನ ಬಿಳಿ ಕುಚ್ಚನ್ನು ಕಪ್ಪು ಗೆರೆಗಳು ಅಡ್ಡ ಕತ್ತರಿಸಿದ್ದರೆ ಅಡೋನಿಸ್ ಅಥವಾ ಚಾಕ್‌ಹಿಲ್. ಕುಚ್ಚು ಪೂರ್ತಿ ಬಿಳಿ ಇದ್ದರೆ ಕಾಮನ್ ಬ್ಲೂ. ಮೊದಲ ಎರಡರಲ್ಲಿ ಗಂಡು ಕಡು ಮಿಂಚು ನೀಲಿಯಾದರೆ ಅಡೋನಿಸ್, ಬೆಳ್ಳಿ ಬೆರೆತ ತಿಳಿ ನೀಲಿಯಾದರೆ ಚಾಕ್‌ಹಿಲ್. ಹೆಣ್ಣು ಎರಡೂ ಕಂದು, ಅವನ್ನು ಬೇರ್ಪಡಿಸೋಕೆ ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಮೋಡ ಕವಿದರೆ ಹಾರಲ್ಲ. ಸಂಜೆ ಹುಲ್ಲಿನ ತೆನೆಗಳ ತುದಿಯಲ್ಲಿ ಗುಂಪಾಗಿ ಮಲಗಿರುತ್ತವೆ, ಫೋಟೋಗೆ ಅದೇ ಒಳ್ಳೆ ಹೊತ್ತು.

ಆರ್ಕಿಡ್‌ಗೆ ಸ್ವಲ್ಪ ತಡ. ಬೀ ಆರ್ಕಿಡ್ ಜೂನ್‌ನದು, ಪಿರಮಿಡಲ್ ಅಲ್ಲೊಂದು ಇಲ್ಲೊಂದು ಉಳಿದಿರಬಹುದು. ಮಾರ್ಜೊರಮ್, ಥೈಮ್, ನ್ಯಾಪ್‌ವೀಡ್, ಸ್ಕೇಬಿಯಸ್ ಮಾತ್ರ ತುಂಬಿರುತ್ತವೆ.

ಹಸಿರುದಾರಿ

ಅರ್ಥ ಆಯ್ತು. ಬಾಕ್ಸ್ ಅಂದ್ರೆ ತೋಟದ ಬೇಲಿಗೆ ಕತ್ತರಿಸಿ ನಿಲ್ಲಿಸ್ತಾರಲ್ಲ, ಅದೇ ಗಿಡಾನಾ?

ಸುಣ್ಣದಬಂಡೆ

ಅದೇ, ಬಕ್ಸಸ್ ಸೆಂಪರ್‌ವೈರೆನ್ಸ್. ಬ್ರಿಟನ್‌ನಲ್ಲಿ ಅದು ಕಾಡಾಗಿ ಬೆಳೆದಿರುವ ಜಾಗ ಬಹಳ ಕಮ್ಮಿ, ಇಲ್ಲಿಯದು ಅದರಲ್ಲಿ ಮುಖ್ಯ. ಎಲೆ ಎದುರುಬದುರು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಮೇಲೆ ಹೊಳಪು, ತುದಿಯಲ್ಲಿ ಸಣ್ಣ ಕಚ್ಚು. ಬಿಸಿಲಿಗೆ ಬೆಕ್ಕಿನ ಉಚ್ಚೆಯ ವಾಸನೆ ಬಂದರೆ ಹತ್ತಿರದಲ್ಲೇ ಇದೆ ಅಂತ ಲೆಕ್ಕ. ಕಟ್ಟಿಗೆ ಎಷ್ಟು ಗಟ್ಟಿ ಅಂದರೆ ಹಸಿಯದು ನೀರಲ್ಲಿ ಮುಳುಗುತ್ತೆ. ಪುಸ್ತಕದ ಚಿತ್ರಗಳನ್ನು ಮರದಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಭಾರಿ ಬೇಡಿಕೆ ಇತ್ತು.

ಈಗಿನ ಶತ್ರು ಬಾಕ್ಸ್ ಟ್ರೀ ಮಾತ್. ಪೂರ್ವ ಏಷ್ಯಾದ ಪತಂಗ, ಬ್ರಿಟನ್‌ನಲ್ಲಿ ಮೊದಲು ಕಂಡದ್ದು 2007ರಲ್ಲಿ. ಹಳದಿ-ಹಸಿರು ಮೈ, ಉದ್ದಕ್ಕೂ ಕಪ್ಪು ಗೆರೆ, ಕಪ್ಪು ತಲೆಯ ಹುಳು. ಎಲೆಗಳ ನಡುವೆ ಬಿಳಿ ಬಲೆ ನೇಯ್ದು ಒಳಗೆ ಕೂತು ತಿನ್ನುತ್ತೆ. ತೋಟದ ಗಿಡವಾದರೆ ಹುಳು ಆರಿಸಬಹುದು, ಔಷಧಿ ಹೊಡೆಯಬಹುದು. ಇಷ್ಟು ಕಡಿದಾದ ಕಾಡಿನಲ್ಲಿ ಎರಡೂ ಸಾಧ್ಯವಿಲ್ಲ, ಔಷಧಿ ಹೊಡೆದರೆ ಉಳಿದ ಕೀಟಗಳಿಗೂ ಪೆಟ್ಟು ಬೀಳುತ್ತೆ. ಕಡ್ಡಿ ಮುರಿದು ಮನೆಗೆ ತರಬೇಡಿ, ಮೊಟ್ಟೆ ಜೊತೆಗೇ ಬರುತ್ತೆ.

ಕಾಲುದಾರಿ

ದಾರಿ ವಿಷಯ. ಇಳಿಯಬೇಕಾದ ನಿಲ್ದಾಣ ಬಾಕ್ಸ್ ಹಿಲ್ ಅಂಡ್ ವೆಸ್ಟ್‌ಹಂಬಲ್. ಎ24 ಹೆದ್ದಾರಿಯನ್ನು ಮೇಲಿಂದ ದಾಟಬೇಡಿ, ಸುರಂಗದಾರಿ ಇದೆ.

ಸ್ಟೆಪ್ಪಿಂಗ್ ಸ್ಟೋನ್ಸ್ ಅಂದರೆ ಮೋಲ್ ನದಿಗೆ ಅಡ್ಡಲಾಗಿ ಇಟ್ಟ ಕಲ್ಲುಗಳು. ಎರಡನೇ ಮಹಾಯುದ್ಧದಲ್ಲಿ ಶತ್ರು ದಾಟದಿರಲಿ ಅಂತ ಹಳೆಯವನ್ನು ತೆಗೆಸಿದ್ದರು, ಈಗಿನವನ್ನು 1946ರಲ್ಲಿ ಪ್ರಧಾನಿ ಕ್ಲೆಮೆಂಟ್ ಅಟ್ಲಿ ಉದ್ಘಾಟಿಸಿದರು. ಮಳೆಯಾದ ಮೇಲೆ ನದಿ ಬೇಗ ಏರುತ್ತೆ. ಕಲ್ಲಿನ ಮೇಲೆ ನೀರು ಹರಿಯುತ್ತಿದ್ದರೆ, ಅದು ಎಷ್ಟೇ ತೆಳುವಾಗಿರಲಿ, ದಾಟಬೇಡಿ. ಸ್ವಲ್ಪ ದೂರದಲ್ಲೇ ಕಾಲುಸೇತುವೆ ಇದೆ. ಬೇಸಿಗೆ ಬಹಳ ಒಣಗಿದರೆ ಉಲ್ಟಾ ಕಥೆ: ಮಿಕಲ್‌ಹ್ಯಾಮ್ ಕಡೆ ನದಿಯ ನೀರು ಚಾಕ್ ಒಳಗಿನ ಗುಂಡಿಗಳಿಗೆ ಇಳಿದು, ಲೆದರ್‌ಹೆಡ್ ಹತ್ತಿರ ಮೇಲೆ ಬರುತ್ತೆ, ನಡುವೆ ಪಾತ್ರ ಒಣಗಿರುತ್ತೆ.

ನದಿ ದಾಟಿದ ಕೂಡಲೇ ಯೂ ಮರಗಳ ಕೆಳಗೆ ಸುಮಾರು 275 ಮೆಟ್ಟಿಲು. ಎತ್ತರ ಒಂದೇ ಸಮ ಇಲ್ಲ, ಮರದ ಅಂಚು ಒದ್ದೆಯಾದರೆ ಜಾರುತ್ತೆ. ಮಗುವಿಗೆ ಚಿಂತೆಯಿಲ್ಲ. ಹಿರಿಯರಿಗೆ ಮಂಡಿ ನೋವಿದ್ದರೆ ಇದನ್ನು ಹತ್ತಲು ಬಳಸಿ, ಇಳಿಯಲು ಬೇಡ. ಇಳಿಯೋದು ಬರ್ಫರ್ಡ್ ಸ್ಪರ್ ಹುಲ್ಲು ದಾರಿಯಲ್ಲಿ. ಅಲ್ಲೂ ಹುಲ್ಲು ಸವೆದು ಬಿಳಿ ಚಾಕ್ ಕಾಣುವ ಕಡೆ ಮಳೆಯಾಗಿದ್ದರೆ ಕಾಲಿಡಬೇಡಿ. ಒದ್ದೆ ಚಾಕ್ ಸೋಪಿನ ಹಾಗೆ. ಸವೆದ ಅಟ್ಟೆಯ ಸ್ಪೋರ್ಟ್ಸ್ ಶೂ ಸಾಲದು.

ಹತ್ತಲಾಗದವರನ್ನು ಕಾರಿನಲ್ಲಿ ಜಿಗ್‌ಜಾಗ್ ರಸ್ತೆಯಿಂದ ನೇರ ಮೇಲಕ್ಕೆ ಕಳಿಸಿ. 2012ರ ಒಲಿಂಪಿಕ್ಸ್ ಸೈಕಲ್ ಸ್ಪರ್ಧೆ ನಡೆದ ರಸ್ತೆ, ಪುರುಷರಿಗೆ ಒಂಬತ್ತು ಸುತ್ತು, ಮಹಿಳೆಯರಿಗೆ ಎರಡು. ಶನಿವಾರ-ಭಾನುವಾರ ಬೆಳಿಗ್ಗೆ ಸೈಕಲ್‌ಗಳೇ ತುಂಬಿರುತ್ತವೆ, ತಿರುವುಗಳಲ್ಲಿ ಓವರ್‌ಟೇಕ್ ಮಾಡೋ ಆಸೆ ಬಿಡಿ. ಮೇಲಿನ ಪಾರ್ಕಿಂಗ್‌ನಿಂದ ಸಾಲೊಮನ್ಸ್ ಕಟ್ಟೆಗೆ ಸ್ವಲ್ಪವೇ ನಡಿಗೆ. ಗುಡ್ಡವನ್ನು ಕೊಂಡು 1914ರಲ್ಲಿ ಟ್ರಸ್ಟ್‌ಗೆ ಕೊಟ್ಟ ಲಿಯೋಪೋಲ್ಡ್ ಸಾಲೊಮನ್ಸ್ ನೆನಪಿನದು. ಅಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಡಾರ್ಕಿಂಗ್ ಊರು, ಆಚೆ 294 ಮೀಟರ್‌ನ ಲೀತ್ ಹಿಲ್, ದೂರದಲ್ಲಿ ಸೌತ್ ಡೌನ್ಸ್. ಚಾಕ್ ಒಂದು ಕಾಲಕ್ಕೆ ನೀವು ನಿಂತ ಗುಡ್ಡಕ್ಕೂ ಸೌತ್ ಡೌನ್ಸ್ ಸಾಲಿಗೂ ನಡುವೆ ಕಮಾನಾಗಿ ಹಬ್ಬಿತ್ತು. ನಡುಭಾಗ ಸವೆದುಹೋಗಿ ಅಂಚುಗಳಷ್ಟೇ ಎರಡು ಗುಡ್ಡಸಾಲಾಗಿ ಉಳಿದಿವೆ.

ಚಾರಣಪ್ರಿಯ

ಎಲ್ಲರಿಗೂ ಥ್ಯಾಂಕ್ಸ್. ಹುಲ್ಲಲ್ಲಿ ಕೂರಬಹುದಾ? ಉಣುಗಿನ ಕಾಟ ಇದೆಯಾ, ಮಂಗನ ಕಾಯಿಲೆ ಥರದ್ದೇನಾದರೂ?

ನೀಲಿರೆಕ್ಕೆ

ಉಣುಗು ಇದೆ. ಮಂಗನ ಕಾಯಿಲೆ ವೈರಸ್‌ನದು. ಇಲ್ಲಿ ಹುಷಾರಾಗಿರಬೇಕಾದ್ದು ಬ್ಯಾಕ್ಟೀರಿಯಾದಿಂದ ಬರುವ ಲೈಮ್ ಕಾಯಿಲೆಗೆ, ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತೆ. ಗಿಡ್ಡ ಹುಲ್ಲಿನಲ್ಲಿ ಚಾಪೆ ಹಾಸಿ ಕೂರಿ, ದಾರಿಯಂಚಿನ ಉದ್ದ ಹುಲ್ಲು, ಜರೀಗಿಡ, ಪೊದೆ ಬೇಡ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದು ಮಂಡಿಯ ಹಿಂದೆ, ತೊಡೆ ಸಂದು, ಕಂಕುಳು, ಮಗುವಿಗೆ ಕಿವಿಯ ಹಿಂದೆ ಮತ್ತು ಕೂದಲಂಚು ನೋಡಿ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತೆ.

ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ, ಸೀಮೆಎಣ್ಣೆ ಯಾವುದೂ ಬೇಡ. ಕೆಣಕಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಮೂರು ತಿಂಗಳವರೆಗೂ ಕಣ್ಣಿಟ್ಟಿರಿ. ಕಚ್ಚಿದ ಜಾಗದ ಸುತ್ತ ದಿನದಿಂದ ದಿನಕ್ಕೆ ಅಗಲವಾಗುವ ಕೆಂಪು ಕಂಡರೆ ಅಥವಾ ಫ್ಲೂ ಥರ ಜ್ವರ ಬಂದರೆ ಡಾಕ್ಟರಿಗೆ ಉಣುಗಿನ ವಿಷಯ ನೀವಾಗಿಯೇ ಹೇಳಿ. ಹಿರಿಯರು ಅಷ್ಟರಲ್ಲಿ ಊರಿಗೆ ಮರಳಿದ್ದರೆ ಇದು ಇನ್ನೂ ಮುಖ್ಯ, ಅಲ್ಲಿಯ ಡಾಕ್ಟರಿಗೆ ಲೈಮ್ ತಟ್ಟನೆ ಹೊಳೆಯಲಿಕ್ಕಿಲ್ಲ.