ಗುಲಾಮಗಿರಿಯನ್ನು ಒಳಿತೆಂದು ವಾದಿಸಿದವರು

ಪ್ರಶ್ನೆ:
ಅಮೆರಿಕದ ಸ್ಥಾಪಕ ತಲೆಮಾರಿನ ಹಲವು ನಾಯಕರು, ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರೂ, ಆ ಪದ್ಧತಿಯನ್ನು ಕೆಡುಕೆಂದೇ ಒಪ್ಪಿಕೊಂಡಿದ್ದರು. ಅವರ ನಂತರ ಬಂದ ದಕ್ಷಿಣದ ರಾಜಕಾರಣಿಗಳು ಅದನ್ನೇ ಒಳಿತೆಂದು ಸಾರುವ ಮಟ್ಟಕ್ಕೆ ಹೋದದ್ದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಗುಲಾಮರ ದುಡಿಮೆಯಿಂದ ಬರುತ್ತಿದ್ದ ಹತ್ತಿಯ ಲಾಭ ಬೆಳೆದದ್ದು, 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ದಂಗೆಯೆದ್ದದ್ದು, ಉತ್ತರದಲ್ಲಿ ವಿಮೋಚನಾ ಚಳವಳಿ ತೀವ್ರವಾದದ್ದು, ಇವೆಲ್ಲ ಸೇರಿ ಮಾತಿನ ಧಾಟಿಯನ್ನು ಬದಲಿಸಿದವು. 1837ರ ಫೆಬ್ರವರಿಯಲ್ಲಿ ದಕ್ಷಿಣ ಕೆರೊಲಿನಾದ ಜಾನ್ ಸಿ. ಕ್ಯಾಲ್‌ಹೂನ್, ಗುಲಾಮಗಿರಿ ಕೆಡುಕಲ್ಲ, ಒಳಿತೇ ಸರಿ ಎಂದು ಸೆನೆಟ್‌ನಲ್ಲೇ ವಾದಿಸಿದರು. ಆ ಭಾಷಣದಲ್ಲಿ ನನ್ನನ್ನು ಬಹಳವಾಗಿ ಕಲಕುವುದು ಒಂದು ಹೋಲಿಕೆ: ಯುರೋಪಿನ ಬಡವರ ಆಶ್ರಯಗೃಹದಲ್ಲಿ ನರಳುವ ನಿರ್ಗತಿಕನ ಪಕ್ಕದಲ್ಲಿ, ಬಂಧುಬಳಗದ ನಡುವೆ ಯಜಮಾನನ ಆರೈಕೆ ಪಡೆಯುವ ಮುದಿ ಗುಲಾಮನನ್ನು ತಂದು ನಿಲ್ಲಿಸಿ, ಇಬ್ಬರ ಸ್ಥಿತಿಯನ್ನು ಹೋಲಿಸಿ ನೋಡಿ ಎನ್ನುತ್ತಾರೆ. ಹರಾಜಿನಲ್ಲಿ ತಾಯಿಯಿಂದ ಬೇರ್ಪಟ್ಟ ಮಗುವಿಗೆ ಆ ಚಿತ್ರದಲ್ಲಿ ಜಾಗವೇ ಇಲ್ಲ.

ಉತ್ತರ 2:
ಮೇಲಿನ ಮಾತಿಗೆ ಸೇರಿಸುತ್ತೇನೆ. 1858ರಲ್ಲಿ ಸೆನೆಟರ್ ಜೇಮ್ಸ್ ಹೆನ್ರಿ ಹ್ಯಾಮಂಡ್, ಪ್ರತಿ ಸಮಾಜಕ್ಕೂ ತಳಪಾಯದ ಮರದ ದಿಮ್ಮಿಯಂತೆ ಕೀಳು ಕೆಲಸ ಮಾಡುವ ಒಂದು ವರ್ಗ ಬೇಕೇ ಬೇಕು ಎಂದರು. ಉತ್ತರದ ಕೂಲಿಕಾರರೂ ಹೆಸರಿಗಷ್ಟೇ ಸ್ವತಂತ್ರರು ಎಂಬುದು ಅವರ ವಾದವಾಗಿತ್ತು. ಬಡ ಕಾರ್ಮಿಕನ ಕಷ್ಟವನ್ನು ಎತ್ತಿ ತೋರಿಸಿದ್ದು ಅವನ ಮೇಲಿನ ಕನಿಕರದಿಂದಲ್ಲ, ಗುಲಾಮನ ಬಿಡುಗಡೆಯನ್ನು ತಡೆಯುವುದಕ್ಕಾಗಿ.

ಉತ್ತರ 3:
ಗುಲಾಮರು ಸಂತೃಪ್ತರೆಂಬ ಮಾತು ನಿಜವೇ ಆಗಿದ್ದರೆ, ಓಡಿಹೋದವರನ್ನು ಉತ್ತರದ ರಾಜ್ಯಗಳಿಂದಲೂ ಹಿಡಿದು ತರಲು 1850ರಲ್ಲಿ ಅಷ್ಟು ಕಠಿಣ ಕಾನೂನು ಏಕೆ ಬೇಕಾಯಿತು?